ಸಾರಿಗಿಲ್ಲದ ಉಪ್ಪು ಬಾವಿಯಲ್ಲಿ

ಗಂಡನ ಮನೆಯಲ್ಲಿ ನಾನಾಡಿದ ಮೊದಲ ಮಾತೇ ಬಾವಿಯನ್ನು ಬೈದದ್ದು. ಬೇಕೆಂದು ಬೈದದ್ದಲ್ಲ, ಬಾಯಾರಿ ಬೈದದ್ದು. ಆದರೆ ಬೈದದ್ದು ಬೈದದ್ದೇ.

ನಮ್ಮ ಕಡೆ ಮದುವೆಯಾದ ಹೆಣ್ಣು ಗಂಡನ ಮನೆಯ ಬಾವಿಗೆ ಹೋಗಿ ತೆಂಗಿನಕಾಯಿ ಒಡೆದು, ವೀಳ್ಯದೆಲೆ ಇಟ್ಟು ಕೈಮುಗಿದು, ನೀರು ಸೇದಿ, ಕೊಡವನ್ನು ತಲೆಯ ಮೇಲೆ ಹೊತ್ತು ಮನೆಯೊಳಗೆ ತರಬೇಕು. ಗಂಗೆಯನ್ನು ಮನೆಗೆ ತರುವುದು ಎನ್ನುತ್ತಾರೆ. ಬಾವಿಯಿಂದ ಅಡುಗೆಮನೆಗೆ ನೂರು ಹೆಜ್ಜೆ ಇದ್ದೀತು. ಆದರೆ ಗಂಡಿನ ಕಡೆಯವರು ವಾಲಗಕ್ಕೆ ಕುಣಿಯುತ್ತ ದಾರಿಗೆ ಅಡ್ಡ ನಿಲ್ಲುತ್ತಾರೆ. ಅವರಿಗೆ ಸುಸ್ತಾಗುವವರೆಗೆ ಹೆಣ್ಣು ಕೊಡ ಇಳಿಸುವಂತಿಲ್ಲ. ಇದು ಸೊಸೆಯ ತಾಳ್ಮೆಯ ಪರೀಕ್ಷೆ ಎಂದು ಹಿರಿಯರು ಹೇಳುತ್ತಾರೆ. ಕುಡಿದ ಗಂಡಸರ ಕಾಲಿನ ಪರೀಕ್ಷೆ ಎಂದು ನಾನು ಹೇಳುತ್ತೇನೆ.

ಅಂದು ಅವರ ಕಾಲು ಬಹಳ ಗಟ್ಟಿಯಾಗಿತ್ತು. ಏಪ್ರಿಲ್ ಬಿಸಿಲು. ಬೆಳಗಿನಿಂದ ನನ್ನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ನಾನು ತೂರಾಡಿದ್ದನ್ನು ಕಂಡು ಮಾವ ಕುಣಿತ ನಿಲ್ಲಿಸಿ, ತಮ್ಮ ಕಂಚಿನ ಲೋಟವನ್ನು ನನ್ನ ತಲೆಯ ಮೇಲಿನ ಕೊಡದಲ್ಲೇ ಅದ್ದಿ ತುಂಬಿಸಿ ನನ್ನ ಕೈಗೆ ಕೊಟ್ಟರು. ಕರುಣೆ ಒಂದು ಪಾಲು, ಜಂಬ ಮೂರು ಪಾಲು. ಸುತ್ತ ನಿಂತವರಿಗೆಲ್ಲ ಕೇಳುವಂತೆ, "ಕುಡ್ದು ಹೇಳ್ ಗೂಡೆ, ನಿಮ್ಮ ಮಡಿಕೇರಿಲಿ ಇಂಥ ನೀರು ಉಟ್ಟಾ?" ಅಂದರು. ನಮ್ಮ ಮಾತಿನಲ್ಲಿ ಗೂಡೆ ಎಂದರೆ ಹುಡುಗಿ, ಉಟ್ಟು ಎಂದರೆ ಉಂಟು.

ಕುಡಿದೆ. ಹೇಳು ಅಂದಿದ್ದರಲ್ಲ, ಹೇಳಿದೆ. "ಇದ್ರಲ್ಲಿ ಕೊಟ್ಟಿಗೆ ವಾಸನೆ ಬರ್ತುಟ್ಟು ಮಾವ."

ವಾಲಗದವರ ಉಸಿರೂ ನಿಂತುಹೋಯಿತು. ಅತ್ತೆ ಎದೆಯ ಮೇಲೆ ಕೈಯಿಟ್ಟುಕೊಂಡರು. ನನ್ನ ಅವ್ವ ನೆಲ ನೋಡಿದಳು. ಒಬ್ಬಳು ಮಾತ್ರ ನನ್ನನ್ನೇ ನೋಡುತ್ತಿದ್ದಳು. ನನ್ನ ಗಂಡನ ಅಣ್ಣನ ಹೆಂಡತಿ, ಆಮೇಲೆ ನಾನು ಅಕ್ಕ ಎಂದು ಕರೆದವಳು. ಅವಳ ಮುಖದಲ್ಲಿ ಕೋಪ ಇರಲಿಲ್ಲ. ಏನಿತ್ತು ಎಂದು ನನಗೆ ಆಗ ತಿಳಿಯಲಿಲ್ಲ.

ಅಂದಿನಿಂದ ಆ ಊರಲ್ಲಿ ನಾನು 'ಮಡಿಕೇರಿ ನೀರು' ಆದೆ. ನಾಪೋಕ್ಲು ಸಂತೆಯಲ್ಲಿ ಕೂಡ, "ಓ, ಬಾವಿ ಬೈದ ಸೊಸೆ ಇದೇನಾ?" ಎಂದು ಗುರುತಿಸುವವರಿದ್ದರು. ಹೆಸರು ಮಾಡುವುದಕ್ಕೆ ಜನ ಏನೇನೋ ಪಾಡು ಪಡುತ್ತಾರೆ. ನನಗೆ ಒಂದು ಗುಟುಕು ನೀರು ಸಾಕಾಯಿತು.

ಬಾವಿಯ ವಿಷಯಕ್ಕೆ ಬರುತ್ತೇನೆ. ಮನೆ ಇದ್ದದ್ದು ಇಳಿಜಾರಿನಲ್ಲಿ. ಮೇಲೆ ಕೊಟ್ಟಿಗೆ, ಕೊಟ್ಟಿಗೆಯ ಬದಿಗೆ ಗೊಬ್ಬರದ ಗುಂಡಿ, ಗುಂಡಿಯ ಕೆಳಗೆ ಬಾವಿ, ಬಾವಿಯ ಕೆಳಗೆ ಮನೆ, ಮನೆಯ ಕೆಳಗೆ ಗದ್ದೆ. ದನ ಮೇಲೆ, ಮನುಷ್ಯರು ಕೆಳಗೆ. ಸುತ್ತಲಿನ ಆರು ಮನೆಯವರು ಕುಡಿಯುತ್ತಿದ್ದದ್ದು ಇದೇ ಬಾವಿಯ ನೀರು, ಏಕೆಂದರೆ ಬೇಸಿಗೆಯಲ್ಲಿ ಉಳಿದ ಬಾವಿಗಳೆಲ್ಲ ಬತ್ತಿದರೂ ಇದು ಬತ್ತುತ್ತಿರಲಿಲ್ಲ. ಅದಕ್ಕೆ ಮಾವ ಹಿರಿಯರ ಪುಣ್ಯ ಎನ್ನುತ್ತಿದ್ದರು. ಪುಣ್ಯದ ಜೊತೆಗೆ ಹದಿನಾಲ್ಕು ದನಗಳ ಪಾಲೂ ಇತ್ತೆಂದು ನನ್ನ ಗುಮಾನಿ.

ಮಳೆಗಾಲ ಶುರುವಾಯಿತೆಂದರೆ ಆರೂ ಮನೆಯವರಿಗೆ ಹೊಟ್ಟೆ ಕೆಡುತ್ತಿತ್ತು. ಸರದಿಯ ಮೇಲೆ ಕೆಡುತ್ತಿತ್ತು, ಮುಯ್ಯಿ ಕೆಲಸಕ್ಕೆ ಹೋದ ಹಾಗೆ. ಕಾರಣಗಳಿಗೆ ಬರವಿರಲಿಲ್ಲ. ಹಲಸಿನ ಹಣ್ಣು ಹೆಚ್ಚಾಯಿತು, ಬಿದಿರಿನ ಕಣಿಲೆ ಸರಿಯಾಗಿ ನೆನೆಯಲಿಲ್ಲ, ಏಡಿಯ ಸಾರು ನಿನ್ನೆಯದು, ಥಂಡಿ ಗಾಳಿ, ದೃಷ್ಟಿ. ನಾನು ಬಂದ ವರ್ಷ 'ಹೊಸ ಸೊಸೆಯ ಕಾಲ್ಗುಣ' ಎಂಬ ಕಾರಣವೂ ಸೇರಿಕೊಂಡಿತು. ನೀರಿನ ಮೇಲೆ ಮಾತ್ರ ಯಾರೂ ಬೆರಳು ತೋರಿಸುತ್ತಿರಲಿಲ್ಲ.

ತೋರಿಸುವುದು ಹೇಗೆ? ಮಾವನ ನಾಲಿಗೆ ಆ ಬಾವಿಗೆ ಕೋಟೆಯ ಹಾಗೆ ನಿಂತಿತ್ತು. ಅವರದು ಸಾಮಾನ್ಯ ನಾಲಿಗೆಯಲ್ಲ. ಕಣ್ಣು ಮುಚ್ಚಿ ಕುಡಿದು ಇದು ಯಾವ ಬಾವಿಯ ನೀರು ಎಂದು ಹೇಳುತ್ತಿದ್ದರು, ತಪ್ಪುತ್ತಿರಲಿಲ್ಲ. ನಾಪೋಕ್ಲು ಪೇಟೆಯ ಬಾವಿ ನೀರಿಗೆ ಒಣಮೀನಿನ ರುಚಿಯಂತೆ. ಮಡಿಕೇರಿಯ ಕೊಳಾಯಿ ನೀರು ಕುಡಿದರೆ ಮೊಳೆ ಚೀಪಿದ ಹಾಗಂತೆ. ಕೆಲಸದ ಮೇಲೆ ಮಡಿಕೇರಿಗೆ ಹೋಗುವಾಗ ಒಂದು ಬಾಟಲಿಯಲ್ಲಿ ಮನೆಯ ನೀರು ತುಂಬಿ, ಬಟ್ಟೆ ಸುತ್ತಿ, ಚೀಲದಲ್ಲಿಟ್ಟು ಬಸ್ಸು ಹತ್ತುತ್ತಿದ್ದರು. ಪಕ್ಕದಲ್ಲಿ ಕೂತವರು ಅದು ಬೇರೆ ಏನೋ ಎಂದುಕೊಂಡು ಆಸೆಯಿಂದ ನೋಡುತ್ತಿದ್ದರಂತೆ. ಒಬ್ಬರಿಗೆ ಒಂದು ಗುಟುಕು ಕೊಟ್ಟರಂತೆ, ಆ ಮನುಷ್ಯ ಮುಂದಿನ ಸ್ಟಾಪಿನಲ್ಲೇ ಇಳಿದುಹೋದನಂತೆ.

ನಮ್ಮ ಬಾವಿಯ ನೀರಿಗೆ 'ಒಂದು ರುಚಿ' ಉಂಟು, ಅದು ಬೇರೆ ಎಲ್ಲೂ ಸಿಗುವುದಿಲ್ಲ ಎಂದು ಅವರು ಹೇಳುತ್ತಿದ್ದರು. ಈ ಮಾತನ್ನು ನಾನು ಯಾವತ್ತೂ ಅಲ್ಲಗಳೆದಿಲ್ಲ.

ಅಕ್ಕ ನೀರೇ ಕುಡಿಯುತ್ತಿರಲಿಲ್ಲ. ಬೆಲ್ಲ ಹಾಕಿದ ಕರಿ ಕಾಫಿ, ಬೆಳಿಗ್ಗೆ ಕಾಫಿ, ಊಟದ ಜೊತೆ ಕಾಫಿ, ಗದ್ದೆಯಿಂದ ಬೆವರು ಸುರಿಸಿಕೊಂಡು ಬಂದರೂ ಬಿಸಿ ಕಾಫಿ. ಮನೆಯವರೆಲ್ಲ ಅವಳನ್ನು ಕಾಫಿ ಹುಚ್ಚಿ ಎಂದು ತಮಾಷೆ ಮಾಡುತ್ತಿದ್ದರು. ನಾನೂ ಮಾಡಿದ್ದೆ. ಒಂದು ಮಧ್ಯಾಹ್ನ ಇಬ್ಬರೇ ಭತ್ತ ಕುಟ್ಟುತ್ತಿದ್ದಾಗ, "ಎಂತಕ್ಕಾ ನೀ ನೀರು ಕುಡಿಯದಿಲ್ಲೆ?" ಎಂದು ಕೇಳಿದೆ. ಅವಳು ಒನಕೆ ನಿಲ್ಲಿಸಲಿಲ್ಲ. "ಕಾಫಿ ಕುದ್ದುಟ್ಟಲಾ" ಎಂದಳು, ಅಷ್ಟೇ.

ನಾನು ಮದುವೆಯಾಗಿ ಬರುವ ಹಿಂದಿನ ಮಳೆಗಾಲದಲ್ಲಿ ಅವಳ ಮಗಳು ತೀರಿಕೊಂಡಿದ್ದಳು. ಎರಡು ವರ್ಷದ ಕೂಸು. ನಾಲ್ಕು ದಿನ ಹೊಟ್ಟೆ ಕೆಟ್ಟು, ಐದನೆಯ ದಿನ ಇಲ್ಲ. ಮನೆಯಲ್ಲಿ ಅದನ್ನು ದೃಷ್ಟಿ ಎಂದು ಹೇಳುತ್ತಿದ್ದರು. ಆ ಕೂಸನ್ನು ಪ್ರತಿ ಬೆಳಿಗ್ಗೆ ಮಾವನೇ ಹೆಗಲ ಮೇಲೆ ಕೂರಿಸಿಕೊಂಡು ಬಾವಿಗೆ ಹೋಗಿ, ಆಗತಾನೇ ಸೇದಿದ ನೀರನ್ನು ಅದೇ ಕಂಚಿನ ಲೋಟದಲ್ಲಿ ಕುಡಿಸುತ್ತಿದ್ದರು. ಮೊಮ್ಮಗಳ ಮೇಲೆ ಅವರಿಗೆ ಅಂಥ ಪ್ರೀತಿ. ಅಕ್ಕ ಯಾರಿಗೂ ಏನೂ ಹೇಳದೆ ಇದ್ದದ್ದು ಯಾಕೆಂದು ಒನಕೆಯ ಆ ಏಟಿನಲ್ಲಿ ನನಗೆ ಅರ್ಥವಾಯಿತು. ಬಾವಿಯ ಮೇಲೆ ಮಾತು ಎತ್ತಿದರೆ ಅದು ಬಾವಿಯಲ್ಲಿ ನಿಲ್ಲುವುದಿಲ್ಲ, ಆ ಲೋಟದವರೆಗೆ ಬರುತ್ತದೆ.

ಆಗ ಕೊಡಗು ಇನ್ನೂ ಯಾರ ಜೊತೆಗೂ ಸೇರಿರಲಿಲ್ಲ. ನಮ್ಮದೇ ರಾಜ್ಯ, ನಮ್ಮದೇ ಸರ್ಕಾರ. ಮಂತ್ರಿಗಳು ಇಬ್ಬರೇ, ಹಾಗಾಗಿ ಸರ್ಕಾರ ಬಹಳ ಹತ್ತಿರದಲ್ಲಿದೆ ಎಂದು ಎಲ್ಲರಿಗೂ ಅನ್ನಿಸುತ್ತಿತ್ತು. ಒಂದು ದಿನ ಆ ಸರ್ಕಾರ ಸೈಕಲ್ ತಳ್ಳಿಕೊಂಡು ನಮ್ಮ ಅಂಗಳಕ್ಕೇ ಬಂತು. ಆರೋಗ್ಯದ ಇನ್ಸ್‌ಪೆಕ್ಟರ್, ಘಟ್ಟದ ಕೆಳಗಿನಿಂದ ಬಂದ ತೆಳ್ಳಗಿನ ಮನುಷ್ಯ. ಬಾವಿಗೆ ಇಣುಕಿದರು, ಕೊಟ್ಟಿಗೆಗೆ ಕತ್ತೆತ್ತಿದರು.

"ಗೊಬ್ಬರದ ಗುಂಡೀನ ಬಾವಿ ತಲೆ ಮೇಲೆ ಇಟ್ಕೊಂಡಿದ್ದೀರಲ್ಲ ಯಜಮಾನ್ರೇ" ಎಂದರು.

"ಗುಂಡಿ ಇಟ್ಟದ್ ನಮ್ಮಜ್ಜ" ಎಂದರು ಮಾವ, ಇನ್ನು ಮಾತಿಗೆ ಜಾಗವಿಲ್ಲ ಎಂಬಂತೆ.

ಇನ್ಸ್‌ಪೆಕ್ಟರ್ ಚೀಲದಿಂದ ನೇರಳೆ ಬಣ್ಣದ ಹರಳಿನ ಪೊಟ್ಟಣ ತೆಗೆದು, ಬಾವಿಗೆ ಇದನ್ನು ಹಾಕಬೇಕು, ಔಷಧಿ ಎಂದರು. "ನನ್ನ ಬಾವಿಗೆ ಜ್ವರ ಬಂದುಟ್ಟಾ?" ಎಂದರು ಮಾವ. ಆಮೇಲೆ ಇಬ್ಬರೂ ಜಗಲಿಯಲ್ಲಿ ಕೂತು ಕಾಫಿ ಕುಡಿದರು. ಮನೆಯವರ ಮರ್ಯಾದೆ ಅಂಥದ್ದು, ಜಗಳವಾಡಿದವರಿಗೂ ರೊಟ್ಟಿ ಜೇನು ಕೊಡದೆ ಕಳಿಸುವುದಿಲ್ಲ. ಇನ್ಸ್‌ಪೆಕ್ಟರ್ ಪೊಟ್ಟಣ ಅತ್ತೆಯ ಕೈಗೆ ಕೊಟ್ಟು ಹೋದರು. ಅತ್ತೆ ಅದನ್ನು ನೀರಿನಲ್ಲಿ ಕಲಸಿ, ಕಾಲುಬಾಯಿ ರೋಗ ಬಂದಿದ್ದ ಎತ್ತಿನ ಗೊರಸಿಗೆ ಹಚ್ಚಿದರು. ಎತ್ತು ವಾಸಿಯಾಯಿತು. ಸರ್ಕಾರದ ಔಷಧಿ ಒಳ್ಳೆಯದೇ ಎಂದು ಮನೆಯವರೆಲ್ಲ ಒಪ್ಪಿಕೊಂಡರು.

ಮುಂದಿನ ಫೆಬ್ರವರಿಯಲ್ಲಿ ಮಡಿಕೇರಿಯ ತವರಿನಲ್ಲಿ ನನಗೆ ಮಗಳು ಹುಟ್ಟಿದಳು. ಮಳೆಗೆ ಮೊದಲು ಕೂಸನ್ನು ಕಟ್ಟಿಕೊಂಡು ಗಂಡನ ಮನೆಗೆ ಹಿಂದಿರುಗಿದೆ. ಬಂದ ದಿನವೇ ಮಾವ ಅವಳನ್ನು ಎತ್ತಿಕೊಂಡು ಅಂಗಳದಲ್ಲಿ ಓಡಾಡಿದರು. ಆ ಕೈ ಸುಮಾರು ಎರಡು ವರ್ಷದಿಂದ ಖಾಲಿ ಇತ್ತೆಂದು ನೋಡಿದವರಿಗೆಲ್ಲ ಗೊತ್ತಾಗುವಂತಿತ್ತು. ಆಮೇಲೆ ತೀರ್ಪು ಕೊಟ್ಟರು: ನಾಟಿ ಮುಗಿದು ಕೈಲ್ ಮುಹೂರ್ತದ ಹಬ್ಬ ಬರುತ್ತದಲ್ಲ, ಕೋವಿ ಕತ್ತಿಗೆ ಪೂಜೆ ಮಾಡುವ ದಿನ, ಅಂದು ಕೂಸಿಗೆ ಮೊದಲ ಅನ್ನ, ಮೊದಲ ನೀರು. ನೀರು ಅಜ್ಜನ ಕೈಯಿಂದ, ಅಜ್ಜನ ಲೋಟದಿಂದ. ಆಮೇಲೆ ದಿನಾ ಬೆಳಿಗ್ಗೆ.

ಅಲ್ಲಿಯವರೆಗೆ ಅವಳು ನನ್ನ ಹಾಲು ಬಿಟ್ಟು ಬೇರೇನೂ ಕುಡಿದಿರಲಿಲ್ಲ. ಹಬ್ಬಕ್ಕೆ ಮೂರು ತಿಂಗಳಿತ್ತು.

ಗಂಡನಿಗೆ ಹೇಳಿದೆ. ಒಳ್ಳೆಯ ಮನುಷ್ಯ, ಹುಲಿ ಬಂದರೂ ಕೋವಿ ಹಿಡಿದು ನಿಲ್ಲುವವರು. "ಅಪ್ಪಂಗೆ ನೀನೇ ಹೇಳ್" ಎಂದು ಮಗ್ಗುಲು ಬದಲಿಸಿದರು. ಹೇಳಿದೆ. ಒಂದು ದಿನ ಊಟಕ್ಕೆ ಬಡಿಸುತ್ತ, ಕೂಸಿಗೆ ನೀರು ಕುದಿಸಿ ಕೊಡೋಣ ಮಾವ, ಗುಂಡಿ ಆಚೆ ಬದಿಗೆ ತೆಗೆಸೋಣ ಎಂದೆ. ಮಾವ ಅನ್ನ ಕಲಸುತ್ತಲೇ ಹೇಳಿದರು, "ಕುದಿಸಿದ ನೀರು ಕಾಯಿಲೆಯವಕ್ಕೆ. ನಾ ಅರವತ್ತು ವರ್ಷಂದ ಈ ನೀರು ಕುಡ್ದೊಳೆ. ಸತ್ತೊಳೆನಾ?"

ಪಕ್ಕದಲ್ಲಿ ಪಲ್ಯ ಬಡಿಸುತ್ತಿದ್ದ ಅಕ್ಕ ಪಾತ್ರೆ ಅಲ್ಲೇ ಇಟ್ಟು ಹಿತ್ತಲಿಗೆ ಹೋದಳು. ಆಡಿದ ಮಾತು ಯಾರ ಮುಂದೆ ಆಡಿದ್ದೆಂದು ಮಾವನಿಗೆ ಆಮೇಲೆ ಹೊಳೆಯಿತು. ಆ ಹೊತ್ತು ಅವರು ಮಜ್ಜಿಗೆ ಬಡಿಸಿಕೊಳ್ಳದೆ ಎದ್ದರು.

ಮಾತಿನಿಂದ ಆಗದು ಎಂದು ನನಗೆ ಗೊತ್ತಾಯಿತು. ಆದರೆ ನನ್ನ ಹತ್ತಿರ ಒಂದು ಉಪಾಯ ಇತ್ತು. ನನ್ನ ಅಪ್ಪ ಮಡಿಕೇರಿಯಲ್ಲಿ ಕಂಪೌಂಡರ್ ಆಗಿದ್ದವರು. ಹೊರಡುವ ಮುಂಚೆ ಅವರ ಹತ್ತಿರ ಗೋಳು ಹೇಳಿಕೊಂಡಿದ್ದೆ. "ಹೊಲಸು ಎಲ್ಲಿಂದ ಬಾವಿಗೆ ಇಳೀತದೆ ಅಂತ ನೋಡ್ಬೇಕಾದ್ರೆ ಹಳೇ ಡಾಕ್ಟ್ರುಗಳು ಅಲ್ಲಿಗೆ ಉಪ್ಪು ಸುರೀತಿದ್ರು ಮಗಾ. ಬಾವಿ ನೀರು ಉಪ್ಪಾದ್ರೆ ದಾರಿ ಸಿಕ್ಕಿದ ಹಾಗೆ" ಎಂದಿದ್ದರು. ಒಂದೇ ತೊಂದರೆ, ಸ್ವಲ್ಪ ಉಪ್ಪಾದರೆ ಮನುಷ್ಯರ ನಾಲಿಗೆಗೆ ತಿಳಿಯುವುದಿಲ್ಲವಂತೆ, ಬಹಳ ಸೂಕ್ಷ್ಮದ ನಾಲಿಗೆ ಬೇಕಂತೆ. ನನಗೆ ನಗು ಬಂತು. ಅಂಥ ನಾಲಿಗೆಯನ್ನು ಹುಡುಕಿಕೊಂಡು ನಾನು ಎಲ್ಲಿಗೂ ಹೋಗಬೇಕಾಗಿರಲಿಲ್ಲ, ದಿನಾ ಅದಕ್ಕೆ ಅನ್ನ ಬಡಿಸುತ್ತಿದ್ದೆ.

ಉಪ್ಪೂ ಮನೆಯಲ್ಲೇ ಇತ್ತು. ಮಳೆಗಾಲಕ್ಕೆಂದು ಮಲಬಾರಿನ ತಲಚೇರಿ ಕಡೆಯಿಂದ ಬಂದ ಕಲ್ಲುಪ್ಪಿನ ಒಂದು ಚೀಲ ಒಲೆಯ ಮೇಲಿನ ಅಟ್ಟದಲ್ಲಿ ಬೆಚ್ಚಗೆ ಕೂತಿತ್ತು. ದಿನದ ಖರ್ಚಿಗೆ ಕೆಳಗೆ ಮರದ ಮರಿಗೆಯಲ್ಲಿ ಸ್ವಲ್ಪ ತುಂಬಿಟ್ಟಿತ್ತು.

ದೊಡ್ಡ ಗದ್ದೆಯ ನಾಟಿಯ ದಿನ ಬಂತು. ಅತ್ತೆಯಿಂದ ಹಿಡಿದು ಎಲ್ಲರೂ ಗದ್ದೆಯಲ್ಲಿ. ಕೂಸಿರುವವಳೆಂದು ನನ್ನನ್ನು ಮನೆಯಲ್ಲಿ ಬಿಟ್ಟರು. ಮಧ್ಯಾಹ್ನ ಅಟ್ಟ ಹತ್ತಿ ಚೀಲ ಎಳೆದೆ. ಅರ್ಧಕ್ಕೆ ಎಳೆದ ಮೇಲೆ ಗೊತ್ತಾಯಿತು, ಅದು ನನ್ನಿಂದ ಆಗುವ ಕೆಲಸವಲ್ಲ. ಹಾಗೂ ಇಲ್ಲ, ಹೀಗೂ ಇಲ್ಲ ಎಂದು ಚೀಲ ತಬ್ಬಿಕೊಂಡು ಏಣಿಯಲ್ಲಿ ನಿಂತಿರುವಾಗ ಕೆಳಗೆ ಅಕ್ಕ. ಗದ್ದೆಯವರಿಗೆ ಕಾಫಿ ಒಯ್ಯಲು ಬಂದವಳು.

ಕಳ್ಳಿ ಸಿಕ್ಕಿಬಿದ್ದ ಹಾಗೆ ಸಿಕ್ಕಿಬಿದ್ದೆ. ಒಂದೇ ಉಸಿರಿಗೆ ಎಲ್ಲ ಹೇಳಿದೆ. ಅಪ್ಪ, ಡಾಕ್ಟ್ರು, ಉಪ್ಪು, ಗುಂಡಿ, ಮಾವನ ನಾಲಿಗೆ. ಅವಳು ಕೇಳಿದಳೋ ಇಲ್ಲವೋ. ತೊಟ್ಟಿಲಲ್ಲಿ ಮಲಗಿದ್ದ ನನ್ನ ಮಗಳನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಬಂದು ಚೀಲದ ಇನ್ನೊಂದು ತುದಿ ಹಿಡಿದಳು.

ಇಬ್ಬರೂ ಮಳೆಗೆ ಹೊದೆಯುವ ಗೊರಬೆ ತಲೆಗೆ ಹಾಕಿಕೊಂಡು, ಮಳೆಯಲ್ಲಿ ಜಾರುತ್ತ, ಚೀಲವನ್ನು ಗುಂಡಿಯವರೆಗೆ ಎಳೆದೆವು. ಗುಂಡಿ ಮಳೆನೀರು ತುಂಬಿ ಕೊಳೆಯುತ್ತಿತ್ತು. ಅಷ್ಟೂ ಉಪ್ಪನ್ನು ಸುರಿದು ಕೋಲಿನಿಂದ ಕದಡಿದೆವು, ಸಗಣಿಯ ಉಪ್ಪಿನಕಾಯಿ ಹಾಕಿದ ಹಾಗೆ. ಖಾಲಿ ಚೀಲಕ್ಕೆ ಉಮಿ ತುಂಬಿ, ಬಾಯಿ ಕಟ್ಟಿ, ಅಟ್ಟದಲ್ಲಿ ಮೊದಲಿದ್ದ ಹಾಗೆ ಕೂರಿಸಿದೆವು. ಅಕ್ಕ ಕಾಫಿ ಪಾತ್ರೆ ಹೊತ್ತುಕೊಂಡು ಗದ್ದೆಗೆ ಹೋದಳು. ಕಾಫಿ ತಡವಾಯಿತೆಂದು ಬೈಸಿಕೊಂಡಳಂತೆ.

ಒಂದು ದಿನ ಆಯಿತು, ಎರಡಾಯಿತು. ಮಾವ ದಿನಾ ಬೆಳಿಗ್ಗೆ ಲೋಟ ಎತ್ತುವಾಗ ನಾನು ಬಾಗಿಲ ಸಂದಿಯಲ್ಲಿ ನಿಂತು ಅವರ ಗಂಟಲನ್ನೇ ನೋಡುತ್ತಿದ್ದೆ. ನಾಲ್ಕು ದಿನ ಏನೂ ಇಲ್ಲ. ಅಪ್ಪ ಹೇಳಿದ್ದು ಸುಳ್ಳಿರಬೇಕು, ಒಂದು ಚೀಲ ಉಪ್ಪು ಸಗಣಿ ಪಾಲಾಯಿತು ಎಂದುಕೊಂಡೆ. ಐದನೆಯ ಬೆಳಿಗ್ಗೆ ಮಾವ ಒಂದು ಗುಟುಕು ಕುಡಿದು ನಿಂತರು. ಬಾಯಲ್ಲೇ ಇಟ್ಟುಕೊಂಡರು. ಉಗುಳಿದರು. ಇನ್ನೊಂದು ಗುಟುಕು. ಮುಖ ಬಿಳಿಚಿತು.

"ಉಪ್ಪು ಉಟ್ಟು" ಎಂದರು. "ನೀರ್ಲಿ ಉಪ್ಪು ಉಟ್ಟು."

ನಾನೂ ಓಡಿಹೋಗಿ ಕುಡಿದು ನೋಡಿದೆ. ನನಗೆ ಏನೂ ತಿಳಿಯಲಿಲ್ಲ, ಎಂದಿನ ಕೊಟ್ಟಿಗೆಯಷ್ಟೇ. ಆದರೆ ಆ ನಾಲಿಗೆಗೆ ನನಗೆ ಕೈಮುಗಿಯಬೇಕೆನ್ನಿಸಿತು.

ಗುಂಡಿಯ ಕಡೆ ನೋಡುತ್ತಾರೆ ಎಂದುಕೊಂಡಿದ್ದೆ. ಅವರು ಪಡುವಣಕ್ಕೆ, ಬೆಟ್ಟಗಳ ಕಡೆ ನೋಡಿದರು. ಪ್ರಾಯದಲ್ಲಿ ಒಮ್ಮೆ ಎತ್ತುಗಳನ್ನು ಹೊಡೆದುಕೊಂಡು ಉಪ್ಪು ತರಲು ಘಟ್ಟ ಇಳಿದವರು, ತಲಚೇರಿಯಲ್ಲಿ ಕಡಲ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದು ನೋಡಿದವರು. ಆ ರುಚಿ ಅವರಿಗೆ ನೆನಪಿತ್ತು. "ಇದು ತಲಚೇರಿ ಕಡಲು" ಎಂದು ಅಂಗಳದಲ್ಲಿ ನಿಂತು ಸಾರಿದರು. "ಅಡಿಂದ ಬಂದುಟ್ಟು." ಬೆಟ್ಟದ ಬುಡದಲ್ಲಿ ಎಲ್ಲೋ ಬಿರುಕು ಬಿಟ್ಟು, ಕಡಲು ನಮ್ಮ ಬಾವಿಗೆ ನುಗ್ಗಿದೆಯಂತೆ. ಒಂದು ವಿಷಯ ಹೇಳಬೇಕು: ನಾಲಿಗೆ ತಪ್ಪಿರಲಿಲ್ಲ. ಉಪ್ಪು ತಲಚೇರಿಯದೇ.

ಸುದ್ದಿ ಹಬ್ಬಿತು. ಆರು ಮನೆಯವರೂ ಬಂದರು. ಒಬ್ಬೊಬ್ಬರೇ ಕುಡಿದರು, ಒಬ್ಬೊಬ್ಬರೇ ತಲೆಯಾಡಿಸಿದರು. ಯಾರಿಗೂ ಏನೂ ತಿಳಿದಿರಲಿಲ್ಲ ಎಂದು ನಾನು ಆಣೆ ಮಾಡಿ ಹೇಳಬಲ್ಲೆ. ಆದರೆ ಹಿರಿಯರು ಉಪ್ಪು ಎಂದ ಮೇಲೆ ಸಪ್ಪೆ ಎನ್ನುವವರು ಯಾರು? ಕೆಳಗಿನ ಮನೆಯ ಅಜ್ಜನಂತೂ ಬಾಯಿ ಚಪ್ಪರಿಸಿ, "ಮೀನಿನ ವಾಸನೆನೂ ಉಟ್ಟು" ಎಂದುಬಿಟ್ಟರು. ಆಚೆ ಮನೆಯ ಅಜ್ಜಿ, ಕಾವೇರಮ್ಮ ಮುನಿದಿದ್ದಾಳೆ, ಭಾಗಮಂಡಲಕ್ಕೆ ಹರಕೆ ಹೊರಿ ಎಂದರು. ಕಡಲು ಉಕ್ಕಿದರೆ ಭತ್ತದ ಗತಿ ಏನು ಎಂಬ ಚರ್ಚೆ ನಡೆಯಿತು. ಅಕ್ಕ ಎಲ್ಲರಿಗೂ ಕಾಫಿ ಕೊಟ್ಟಳು. ಕೈ ನಡುಗಿ ಒಂದು ಲೋಟ ಚೆಲ್ಲಿದಳು. ನಗು ತಡೆಯಲಾರದೆ ನಡುಗಿದ್ದೆಂದು ಆಮೇಲೆ ಹೇಳಿದಳು. ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಹೀಗೆ ಮೂರು ದಿನ ಕಡಲಿನ ಮಾತೇ ಮಾತು. ಆ ಹೊತ್ತಿಗೆ ಮರಿಗೆಯಲ್ಲಿದ್ದ ಉಪ್ಪು ಮುಗಿಯಿತು.

ಅತ್ತೆ ಅಟ್ಟ ಹತ್ತಿ, ಚೀಲದ ಬಾಯಿ ಬಿಚ್ಚಿ ಕೈ ಹಾಕಿದರು. ಅವರ ಕೂಗು ಗದ್ದೆಗೆ ಕೇಳಿಸಿತು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಸಾರಿಗೆ ಉಪ್ಪಿಲ್ಲ, ಪಲ್ಯಕ್ಕೆ ಉಪ್ಪಿಲ್ಲ. ನನ್ನ ಕಿರಿಯ ಮೈದುನ, ಆಗ ಕಾಲೇಜು ಮುಗಿಸಿ ಬಂದು ಎಲ್ಲದಕ್ಕೂ ತಮಾಷೆ ಮಾಡುತ್ತಿದ್ದವನು, "ಸಾರಿಗೆ ಬಾವಿ ನೀರೇ ಹಾಕಿ ಅವ್ವ, ಅದ್ರಲ್ಲಿ ಉಟ್ಟಲಾ" ಎಂದ.

ಅವನು ನಗಲಿಕ್ಕೆ ಹೇಳಿದ್ದು. ಯಾರೂ ನಗಲಿಲ್ಲ. ಮಾವ ತುತ್ತನ್ನು ಎಲೆಗೆ ಹಾಕಿ, ಅಟ್ಟದ ಕಡೆ ನೋಡಿದರು, ಲೋಟದ ಕಡೆ ನೋಡಿದರು, ಆಮೇಲೆ ನನ್ನ ಕಡೆ ನೋಡಿದರು.

"ಉಪ್ಪು ಎಲ್ಲಿಗೆ ಹಾಕ್ದೆ ಗೂಡೆ?"

ಉಪ್ಪು ತಿಂದವರು ನೀರು ಕುಡಿಯಲೇಬೇಕು. "ಗೊಬ್ಬರದ ಗುಂಡಿಗೆ, ಮಾವ" ಎಂದೆ. ಬಾಯಿ ಅಲ್ಲಿಗೆ ನಿಲ್ಲಲಿಲ್ಲ. "ಬಾವಿಗೆ ನಾ ಒಂದು ಹರಳೂ ಹಾಕ್ತ್‌ಲೆ. ಗುಂಡಿಗೆ ಹಾಕಿದ್ದು ಬಾವಿಗೆ ಬಂದುಟ್ಟು. ಐದೇ ದಿನಲಿ ಬಂದುಟ್ಟು. ಗುಂಡಿಲಿ ಇರುವ ಬೇರೆ ಎಲ್ಲ ಕೂಡ ಹಂಗೇ ಬರದು. ನಿಮ್ಮ ನಾಲಿಗೆಯೇ ಹೇಳ್ದು, ನಾ ಹೇಳ್ದಲ್ಲ."

ಅತ್ತೆ ಬಾಯಿ ತೆರೆದರು. ಮಾವ ಕೈ ಎತ್ತಿ ತಡೆದರು. "ಒಂದು ಚೀಲ ಉಪ್ಪು ನೀ ಒಬ್ಳೇ ಹೊತ್ತದಾ?"

ನಾನು ಹೌದೆನ್ನುವಷ್ಟರಲ್ಲಿ ಬಾಗಿಲ ಹತ್ತಿರದಿಂದ ಅಕ್ಕ ಹೇಳಿದಳು, "ನಾನೂ ಹೊತ್ತೊಳೆ ಮಾವ."

ಮಾವ ಅವಳನ್ನು ನೋಡುತ್ತಲೇ ಇದ್ದರು. ಅವಳ ಕೈಯಲ್ಲಿ ಕಾಫಿಯ ಲೋಟ ಇತ್ತು. ಅವರ ಕಣ್ಣು ಆ ಲೋಟದ ಮೇಲೆ ನಿಂತಿತು.

"ನೀ ಇಷ್ಟ್ ದಿನ ಕಾಫಿ ಕುಡ್ದದ್ ಇದ್ಕಾ?" ಎಂದು ಕೇಳಿದರು. ದನಿ ಬಹಳ ಸಣ್ಣದಾಗಿತ್ತು.

ಮಾವ ಎಲೆಯ ಮುಂದಿನಿಂದ ಎದ್ದು, ಕೈ ತೊಳೆಯದೆ ಹೊರಗೆ ಹೋದರು. ನಾನು ಗೆದ್ದಿದ್ದೆ. ಗೆದ್ದ ಸುಖ ಮಾತ್ರ ಒಂದಿಷ್ಟೂ ಆಗಲಿಲ್ಲ. ಆ ಮುದುಕರ ಬೆನ್ನು ನೋಡಿ ಅಳು ಬಂತು. ಅವರಿಗೂ ಮೊದಲಿನಿಂದಲೇ ಅನುಮಾನ ಇತ್ತೇನೋ, ಅದಕ್ಕೇ ಅಷ್ಟು ಜೋರಾಗಿ ಬಾವಿಯನ್ನು ಹೊಗಳುತ್ತಿದ್ದರೇನೋ ಎಂದು ಈಗ ಅನ್ನಿಸುತ್ತದೆ.

ಮರುದಿನ ಬೆಳಿಗ್ಗೆ ಗುದ್ದಲಿಯ ಸದ್ದು. ಮನೆಯ ಆಚೆ ಬದಿ, ಇಳಿಜಾರಿನ ಕೆಳಗೆ, ಗದ್ದೆಯ ಅಂಚಿನಲ್ಲಿ ಮಾವ ಹೊಸ ಗುಂಡಿ ತೋಡುತ್ತಿದ್ದರು. ನಾಟಿಯ ದಿನಗಳಲ್ಲಿ ಯಾರಾದರೂ ಗುಂಡಿ ತೋಡುತ್ತಾರೆಯೇ! ಮಕ್ಕಳು ಹೋದರೆ ಗದರಿಸಿ ಓಡಿಸಿದರು. ಹಳೆಯ ಗುಂಡಿಯ ಗೊಬ್ಬರವನ್ನೆಲ್ಲ ತಾವೇ ಬುಟ್ಟಿಯಲ್ಲಿ ತುಂಬಿ, ತಾವೇ ತಲೆಯ ಮೇಲೆ ಹೊತ್ತು, ತಾವೇ ಸಾಗಿಸಿದರು. ಎಷ್ಟು ದಿನವಾಯಿತೆಂದು ನಾನು ಎಣಿಸಲಿಲ್ಲ. ಸಗಣಿ ನೀರು ಮುಖದ ಮೇಲೆ ಸುರಿಯುತ್ತಿತ್ತು, ಮಳೆಯೂ ಸುರಿಯುತ್ತಿತ್ತು, ಇನ್ನೇನು ಸುರಿಯುತ್ತಿತ್ತೋ ದೂರದಿಂದ ತಿಳಿಯುತ್ತಿರಲಿಲ್ಲ. ಕಡಲಿನ ವಿಷಯ ಕೇಳಲು ಬಂದ ಕೆಳಗಿನ ಮನೆಯ ಅಜ್ಜನಿಗೆ, "ಕಡಲು ವಾಪಸ್ಸು ಹೋತ್" ಎಂದರಂತೆ.

ಮಳೆ ಸ್ವಲ್ಪ ಬಿಡುವು ಕೊಟ್ಟಾಗ ಬಾವಿಯ ನೀರನ್ನು ಮೊಗೆಸಿ ತಳ ತೊಳೆಸಿದರು. ಅತ್ತೆಯ ಹತ್ತಿರ ಎತ್ತಿನ ಗೊರಸಿಗೆ ಹಚ್ಚಿ ಉಳಿದಿದ್ದ ನೇರಳೆ ಹರಳನ್ನು ಕೇಳಿ ತೆಗೆದುಕೊಂಡು ಬಾವಿಗೆ ಹಾಕಿದರು. ಆರು ಮನೆಯವರು ನಾಲ್ಕು ದಿನ ಗುಲಾಬಿ ಬಣ್ಣದ ನೀರಿನಲ್ಲಿ ಅನ್ನ ಬೇಯಿಸಿದರು. ಹಬ್ಬದ ದಿನ ನನ್ನ ಮಗಳಿಗೆ ಅಜ್ಜನ ಕೈಯಿಂದಲೇ, ಅಜ್ಜನ ಲೋಟದಿಂದಲೇ ಮೊದಲ ನೀರು ಸಿಕ್ಕಿತು. ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಗುಳ್ಳೆ ಬರುವುದನ್ನು ತಾವೇ ನೋಡಿ ಇಳಿಸಿದ ನೀರು. ಆರಿದ ಮೇಲೆ ತಾವು ಒಂದು ಗುಟುಕು ಕುಡಿದು, "ಥೂ, ಇದೂ ಒಂದು ನೀರಾ" ಎಂದು ಗೊಣಗಿ, ಆಮೇಲೆ ಅವಳ ತುಟಿಗೆ ಮುಟ್ಟಿಸಿದರು.

ಅಲ್ಲಿಂದ ಎರಡು ವರ್ಷ ಅವರ ಗೊಣಗು ನಿಲ್ಲಲಿಲ್ಲ. ಬಾವಿಯ ರುಚಿ ತಿಂಗಳು ತಿಂಗಳಿಗೆ ಕಡಿಮೆಯಾಗುತ್ತ ಬಂತಂತೆ. "ನೀರಿಗೆ ಜೀವ ಇಲ್ಲೆ" ಎನ್ನುತ್ತಿದ್ದರು. ಮಡಿಕೇರಿಗೆ ಬಾಟಲಿ ಒಯ್ಯುವುದನ್ನೂ ಬಿಟ್ಟರು. ಮಳೆಗಾಲದಲ್ಲಿ ಹೊಟ್ಟೆ ಕೆಡುವುದು ಬಹುಮಟ್ಟಿಗೆ ನಿಂತಿತು, ಅದಕ್ಕೂ ಕಾರಣ ಹುಡುಕಿದರು ಜನ: ಭಾಗಮಂಡಲದ ಹರಕೆ. ನನ್ನ ಮಗಳು ಅಂಗಳದಲ್ಲಿ ಓಡಾಡಿಕೊಂಡು ಕೋಳಿಗಳಿಗೆ ಕಲ್ಲು ಹೊಡೆಯುವಷ್ಟು ದೊಡ್ಡವಳಾದಳು. ಅಕ್ಕ ಮಾತ್ರ ಕಾಫಿ ಬಿಡಲಿಲ್ಲ. ಮಾವ ಅವಳಿಗೆ ನೀರು ಕುಡಿ ಎಂದು ಒಮ್ಮೆಯೂ ಹೇಳಲಿಲ್ಲ.

ಆಮೇಲೆ ಮೈದುನನ ಮದುವೆಯಾಯಿತು. ಹೊಸ ಸೊಸೆ ಬಾವಿಗೆ ಕೈಮುಗಿದು, ಕೊಡ ಹೊತ್ತು ಹೊರಟಳು. ವಾಲಗದವರು ಊದಿದರು, ಗಂಡಸರು ಅಡ್ಡ ನಿಂತು ಕುಣಿದರು. ಮಾವ ಕುಣಿತ ನಿಲ್ಲಿಸಿದರು. ಕಂಚಿನ ಲೋಟ ಕೊಡದಲ್ಲಿ ಅದ್ದಿ ಅವಳ ಕೈಗೆ ಕೊಟ್ಟರು. ಎಲ್ಲರೂ ಮೊದಲು ನನ್ನ ಮುಖ ನೋಡಿದರು, ಆಮೇಲೆ ಅವಳ ಮುಖ.

"ಕುಡ್ದು ಹೇಳ್, ಹೆಂಗುಟ್ಟು?"

ಆ ಹುಡುಗಿಗೆ ನನ್ನ ಕತೆಯನ್ನು ಯಾರೋ ಮೊದಲೇ ಹೇಳಿ ತಯಾರು ಮಾಡಿದ್ದರು. ಕುಡಿದು, ತಲೆ ತಗ್ಗಿಸಿ, "ಸಿಹಿ ಉಟ್ಟು ಮಾವ, ಜೇನಿನ ಹಂಗೆ" ಎಂದಳು.

"ಸುಳ್ಳಿ!" ಎಂದರು ಮಾವ.

ಹುಡುಗಿ ಬೆಚ್ಚಿದಳು. ಮಾವ ಅವಳ ಕಡೆ ನೋಡಲೇ ಇಲ್ಲ. ಲೋಟವನ್ನು ತೊಳೆದು ಮತ್ತೆ ತುಂಬಿಸಿ, ಗುಂಪಿನ ನಡುವೆ ದಾರಿ ಮಾಡಿಕೊಂಡು, ಹಿಂದೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕನ ಮುಂದೆ ಹೋಗಿ ನಿಂತರು. ಲೋಟ ಮುಂದೆ ಹಿಡಿದರು. ತುಳುಕಿದ ನೀರು ಅವರ ಕಾಲಿನ ಮೇಲೆ ಚೆಲ್ಲುತ್ತಿತ್ತು.

ಅಕ್ಕ ಲೋಟವನ್ನು ನೋಡಿದಳು. ಆಮೇಲೆ ಎರಡೂ ಕೈಯಿಂದ ತೆಗೆದುಕೊಂಡು, ತಲೆಯೆತ್ತಿ, ಕೊನೆಯ ಹನಿಯವರೆಗೆ ಕುಡಿದಳು.

"ಏನೂ ರುಚಿ ಇಲ್ಲೆ, ಮಾವ" ಎಂದಳು.

ಮಾವ ಹೆಗಲಿನ ವಸ್ತ್ರದಿಂದ ಮುಖ ಒರೆಸಿಕೊಂಡರು. ಒಮ್ಮೆ ಒರೆಸಿ ಸಾಲದೆ ಇನ್ನೊಮ್ಮೆ ಒರೆಸಿಕೊಂಡರು. ಆಮೇಲೆ ವಾಲಗದವರ ಕಡೆ ತಿರುಗಿ, "ಎಂತ ನೋಡ್ತಾ ನಿಂತೊಳರಿ? ಊದಿ!" ಎಂದು ಗದರಿದರು.